ಕಾಳಗದ ಕವಲುಗಳು

(ಬಾನುಲಿ ಭಾಷಣ)

ಕಥೆಯೊಂದು ದೊಡ್ಡದಾಗಿ ಬೆಳೆದು ಜನರ ನಾಲಗೆಯ ಮೇಲೆ ನೆಲೆಸಿತೆಂದರೆ, ಕೇಳುವವರ ಮನಸ್ಸಿನಲ್ಲಿ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ: ಇವನಿಗೂ ಅವನಿಗೂ ಕಾಳಗವಾದರೆ ಗೆಲ್ಲುವವರು ಯಾರು? ಭೀಮ ಹೆಚ್ಚೋ, ಹನುಮಂತ ಹೆಚ್ಚೋ? ಕೃಷ್ಣನೇ ಅರ್ಜುನನಿಗೆ ಇದಿರಾಗಿ ನಿಂತರೆ ಏನಾದೀತು? ಇದು ಮಕ್ಕಳ ಪ್ರಶ್ನೆಯೆಂದು ಪಂಡಿತರು ನಕ್ಕು ಸುಮ್ಮನಾಗಬಹುದು. ಆದರೆ ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕಾಗಿಯೇ ನಮ್ಮ ಕವಿಗಳೂ ಭಾಗವತರೂ ಎಷ್ಟೋ ಕೃತಿಗಳನ್ನು ಕಟ್ಟಿದ್ದಾರೆ. ಅದೇ ಪ್ರಶ್ನೆಯನ್ನು ಹಿಡಿದು ಜಪಾನಿನ ಹಾಗೂ ಅಮೆರಿಕದ ಯಂತ್ರಶಿಲ್ಪಿಗಳು ಕಳೆದ ನಾಲ್ಕು ದಶಕಗಳಲ್ಲಿ ಒಂದು ಹೊಸ ಆಟದ ಪ್ರಕಾರವನ್ನೇ ಬೆಳೆಸಿದ್ದಾರೆ. ವೀಡಿಯೋ ಆಟಗಳ ಪೈಕಿ ಕಾದಾಟದ ಆಟವೆನ್ನಿಸಿಕೊಳ್ಳುವ ಈ ಪ್ರಕಾರದ ಚರಿತ್ರೆಯನ್ನೂ, ಒಂದು ಮೂಲ ಆಟದಿಂದ ಅದರ ಕವಲುಗಳು ಒಡೆದು ಹಬ್ಬಿದ ಬಗೆಯನ್ನೂ ಇಂದು ಸ್ವಲ್ಪ ವಿಚಾರ ಮಾಡೋಣ.

ಕಾದಾಟದ ಆಟದ ಸ್ವರೂಪ ಸರಳವಾದುದು. ತೆರೆಯ ಮೇಲೆ ಇಬ್ಬರು ಎದುರುಬದುರಾಗಿ ನಿಲ್ಲುತ್ತಾರೆ. ಒಬ್ಬೊಬ್ಬನ ತಲೆಯ ಮೇಲ್ಭಾಗದಲ್ಲಿ ಅವನ ಆಯುಸ್ಸನ್ನು ತೋರಿಸುವ ಒಂದು ಪಟ್ಟಿ. ಏಟು ಬಿದ್ದಂತೆ ಪಟ್ಟಿ ಕುಗ್ಗುತ್ತದೆ. ಪೂರ್ತಿ ಕುಗ್ಗಿದವನು ಸೋತ. ಮೂರರಲ್ಲಿ ಎರಡು ಸುತ್ತು ಗೆದ್ದವನು ಗೆದ್ದ. ಇಷ್ಟೇ. ಆದರೆ ಈ ಇಬ್ಬರು ಯಾರು, ಏತಕ್ಕಾಗಿ ಸೆಣಸುತ್ತಾರೆ ಎಂಬಲ್ಲಿಗೆ ಕಥೆ ಬಂದು ಸೇರಿಕೊಳ್ಳುತ್ತದೆ. ಕಥೆ ಬಂದ ಮೇಲೆ ಬಂಧು ಬಳಗ ಬರುತ್ತದೆ, ಗುರು ಶಿಷ್ಯರು ಬರುತ್ತಾರೆ, ಹಳೆಯ ಹಗೆ ಬರುತ್ತದೆ. ಒಂದು ಆಟ ಹತ್ತಾಗುತ್ತದೆ. ಹತ್ತು ಆಟಗಳ ಒಂದು ಮನೆತನವೇ ಹುಟ್ಟಿಕೊಳ್ಳುತ್ತದೆ.

ಕನ್ನಡ ಸಾಹಿತ್ಯವನ್ನು ಬಲ್ಲವರಿಗೆ ಇದು ಅಪರಿಚಿತವಾದ ದಾರಿಯೇನೂ ಅಲ್ಲ. ಭಾರತಕಥೆಯೆಂಬ ಮಹಾವೃಕ್ಷದಿಂದ ಕಾಳಗದ ಕವಲುಗಳು ನಮ್ಮಲ್ಲಿ ಮೂರು ಬಗೆಯಾಗಿ ಒಡೆದಿವೆ. ಮೊದಲನೆಯದು, ಮೂಲದ ಒಂದು ಕಾಳಗವನ್ನೇ ಎತ್ತಿಕೊಂಡು ಹಿಗ್ಗಿಸುವುದು. ಪಂಪನು ೯೪೧ರ ಸುಮಾರಿಗೆ ರಚಿಸಿದ 'ವಿಕ್ರಮಾರ್ಜುನ ವಿಜಯ'ದ ಹದಿಮೂರನೆಯ ಆಶ್ವಾಸದಲ್ಲಿ ಅಡಕವಾಗಿದ್ದ ಭೀಮ ದುರ್ಯೋಧನರ ಗದಾಯುದ್ಧವನ್ನು, ಅದೇ ಶತಮಾನದ ಕೊನೆಯ ವೇಳೆಗೆ ರನ್ನನು ಹತ್ತು ಆಶ್ವಾಸಗಳ 'ಸಾಹಸಭೀಮ ವಿಜಯ'ವನ್ನಾಗಿ ಬೆಳೆಸಿದನು. ಒಂದು ದ್ವಂದ್ವವನ್ನು ನಡುವೆ ನಿಲ್ಲಿಸಿ, ಹಿಂದಿನ ಕಥೆಯನ್ನೆಲ್ಲ ಸಿಂಹಾವಲೋಕನ ಕ್ರಮದಿಂದ ಅದರೊಳಗೆ ತಂದನು. ಎರಡನೆಯದು, ಊರಿಂದೂರಿಗೆ ಸಾಗುತ್ತ ಪ್ರತಿಯೊಂದು ಊರಿನಲ್ಲಿಯೂ ಒಬ್ಬ ಹೊಸ ವೀರನನ್ನು ಎದುರಿಸುವುದು. ಲಕ್ಷ್ಮೀಶನ 'ಜೈಮಿನಿ ಭಾರತ'ದಲ್ಲಿ ಯಜ್ಞದ ಕುದುರೆ ಹೋದೆಡೆಯಲ್ಲೆಲ್ಲ ಒಂದೊಂದು ಕಾಳಗ. ಮಾಹಿಷ್ಮತಿಯಲ್ಲಿ ನೀಲಧ್ವಜ, ಚಂಪಕಾಪುರಿಯಲ್ಲಿ ಸುಧನ್ವ, ಮುಂದೆ ಪ್ರಮೀಳೆ, ಬಭ್ರುವಾಹನ, ತಾಮ್ರಧ್ವಜ. ಮೂರನೆಯದು, ಮೂಲದಲ್ಲಿ ಎಂದೂ ಹೊಡೆದಾಡದ ಇಬ್ಬರು ಪ್ರೀತಿಪಾತ್ರರನ್ನು ತಂದು ಎದುರುಬದುರು ನಿಲ್ಲಿಸುವುದು. ಯಕ್ಷಗಾನದ 'ಕೃಷ್ಣಾರ್ಜುನ ಕಾಳಗ' ಇದಕ್ಕೆ ಮಾದರಿ. ವ್ಯಾಸರ ಭಾರತದಲ್ಲಿ ಇಲ್ಲದ ಈ ಕಥೆಯಲ್ಲಿ, ಗಯನೆಂಬ ಗಂಧರ್ವನನ್ನು ಕೊಲ್ಲುವೆನೆಂದು ಕೃಷ್ಣ ಶಪಥ ಮಾಡಿದರೆ, ವಿಷಯವನ್ನರಿಯದೆ ಅವನಿಗೆ ಅಭಯವಿತ್ತ ಅರ್ಜುನ ಕೊಟ್ಟ ಮಾತಿಗೆ ಕಟ್ಟುಬಿದ್ದು ತನ್ನ ಸಾರಥಿಯ ಮೇಲೆಯೇ ಬಿಲ್ಲೆತ್ತಬೇಕಾಗುತ್ತದೆ.

ಈ ಮೂರು ಬಗೆಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ವೀಡಿಯೋ ಆಟಗಳ ಚರಿತ್ರೆ ನಮಗೆ ಸುಲಭವಾಗಿ ತೆರೆದುಕೊಳ್ಳುತ್ತದೆ.

೧೯೭೬ರಲ್ಲಿ ಸೆಗಾ ಎಂಬ ಸಂಸ್ಥೆ 'ಹೆವಿವೇಟ್ ಚಾಂಪ್' ಎಂಬ ಮುಷ್ಟಿಯುದ್ಧದ ಯಂತ್ರವನ್ನು ಹೊರತಂದಿತು. ೧೯೮೪ರಲ್ಲಿ ಟೆಕ್ನೋಸ್ ಜಪಾನ್ ಸಂಸ್ಥೆ ನಿರ್ಮಿಸಿ ಡೇಟಾ ಈಸ್ಟ್ ಸಂಸ್ಥೆ ಮಾರುಕಟ್ಟೆಗೆ ತಂದ 'ಕರಾಟೆ ಚಾಂಪ್' ಬಂದಿತು. ಅದರಲ್ಲಿ ಗುಂಡಿಗಳೇ ಇರಲಿಲ್ಲ. ಎರಡು ಹಿಡಿಗಳನ್ನು ಬೇರೆ ಬೇರೆ ದಿಕ್ಕುಗಳಿಗೆ ತಿರುಗಿಸಿ ಒದೆತ, ಗುದ್ದು, ತಡೆಗಳನ್ನು ಪಡೆಯಬೇಕಾಗಿದ್ದಿತು. ೧೯೮೭ರಲ್ಲಿ ಕ್ಯಾಪ್‌ಕಾಮ್ ಸಂಸ್ಥೆಯ 'ಸ್ಟ್ರೀಟ್ ಫೈಟರ್' ಹುಟ್ಟಿತು. ಬೀದಿಯ ಕಾದಾಳು ಎಂದು ಅದರ ಅರ್ಥ. ಅದನ್ನು ರೂಪಿಸಿದವರು ತಕಾಶಿ ನಿಶಿಯಾಮ ಮತ್ತು ಹಿರೋಶಿ ಮತ್ಸುಮೊಟೊ. ರಿಯು ಎಂಬ ಜಪಾನೀ ತರುಣ ಐದು ದೇಶಗಳನ್ನು ಸುತ್ತಿ ಹತ್ತು ಮಂದಿಯನ್ನು ಎದುರಿಸುವುದು ಅದರ ವಸ್ತು. ಎರಡನೆಯ ಆಟಗಾರ ಬಂದು ನಿಂತರೆ ಅವನಿಗೆ ಕೆನ್ ಎಂಬ ಜೊತೆಗಾರ ಸಿಗುತ್ತಿದ್ದನು. ಮೊದಲು ಈ ಯಂತ್ರಕ್ಕೆ ಎರಡು ದೊಡ್ಡ ಮೆತ್ತೆಗಳನ್ನು ಅಳವಡಿಸಿದ್ದರು. ಎಷ್ಟು ಬಲವಾಗಿ ಗುದ್ದಿದರೆ ಅಷ್ಟು ಬಲವಾದ ಏಟು. ಅದು ಬಾಳಿಕೆಗೆ ಬರಲಿಲ್ಲ. ಮೆತ್ತೆಗಳ ಬದಲು ಆರು ಗುಂಡಿಗಳು ಬಂದುವು. ಆ ಆರು ಗುಂಡಿಗಳ ವ್ಯವಸ್ಥೆ ಇಂದಿಗೂ ಈ ಮನೆತನದ ಗುರುತಾಗಿ ಉಳಿದಿದೆ.

ಮೂಲಕ್ಕಿಂತ ಮೊದಲು ಕವಲೇ ಹೆಸರು ಪಡೆದುದು ಇಲ್ಲಿಯ ಒಂದು ವಿಚಿತ್ರ. ಮೊದಲ ಆಟವನ್ನು ರೂಪಿಸಿದ ಆ ಇಬ್ಬರೂ ಸಂಸ್ಥೆಯನ್ನು ಬಿಟ್ಟು ಪ್ರತಿಸ್ಪರ್ಧಿಯಾದ ಎಸ್‌ಎನ್‌ಕೆಯನ್ನು ಸೇರಿದರು. ಉಳಿದವರು ಮುಂದಿನ ಭಾಗವೆಂದು ಒಂದು ಆಟವನ್ನು ಸಿದ್ಧಗೊಳಿಸಿ, ೧೯೮೯ರಲ್ಲಿ 'ಸ್ಟ್ರೀಟ್ ಫೈಟರ್ ೮೯' ಎಂಬ ಹೆಸರಿನಲ್ಲಿ ಪ್ರದರ್ಶನಕ್ಕಿಟ್ಟರು. ಆದರೆ ಅದು ಇಬ್ಬರ ದ್ವಂದ್ವವಾಗಿರಲಿಲ್ಲ. ಬೀದಿಯುದ್ದಕ್ಕೂ ನಡೆಯುತ್ತ ಗುಂಪುಗುಂಪಾಗಿ ಬರುವ ಪುಂಡರನ್ನು ಸದೆಬಡಿಯುವ ಆಟವಾಗಿದ್ದಿತು. ಹೆಸರು ಬದಲಾಗಿ ಅದು 'ಫೈನಲ್ ಫೈಟ್' ಆಯಿತು, ಪ್ರಖ್ಯಾತವೂ ಆಯಿತು. ಅದನ್ನು ರೂಪಿಸಿದ ಅಕಿರ ನಿಶಿತಾನಿ ಹಾಗೂ ಅಕಿರ ಯಸುದ ಅವರೇ ಮತ್ತೆ ದ್ವಂದ್ವಕ್ಕೆ ಮರಳಿ, ೧೯೯೧ರಲ್ಲಿ 'ಸ್ಟ್ರೀಟ್ ಫೈಟರ್ ೨' ಎಂಬ ಆಟವನ್ನು ಕೊಟ್ಟರು. ಪ್ರಪಂಚದಾದ್ಯಂತ ಯಂತ್ರದ ಮುಂದೆ ಹುಡುಗರು ಸಾಲುಗಟ್ಟಿ ನಿಂತದ್ದು ಈ ಆಟಕ್ಕಾಗಿ.

ಈ ಎರಡನೆಯ ಆಟದ ಕಟ್ಟಡವನ್ನು ನೋಡಿದರೆ ಅಶ್ವಮೇಧದ ನೆನಪಾಗದೆ ಇರದು. ಎಂಟು ಮಂದಿ ವೀರರಲ್ಲಿ ಒಬ್ಬನನ್ನು ನೀವು ಆರಿಸಿಕೊಳ್ಳುತ್ತೀರಿ. ಉಳಿದ ಏಳು ಮಂದಿಯನ್ನು ಅವರವರ ನೆಲದಲ್ಲಿಯೇ ಹೋಗಿ ಎದುರಿಸಬೇಕು. ಅದಾದ ಮೇಲೆ ನಾಲ್ವರು ನಾಯಕರು. ಒಂದು ಕಾಳಗ ಮುಗಿದು ಇನ್ನೊಂದು ತೊಡಗುವ ಮುನ್ನ ತೆರೆಯ ಮೇಲೆ ಭೂಪಟ ಕಾಣಿಸುತ್ತದೆ. ಯಜ್ಞದ ಕುದುರೆಯ ಬದಲು ಒಂದು ಪುಟ್ಟ ವಿಮಾನ ಆ ಭೂಪಟದ ಮೇಲೆ ದೇಶದಿಂದ ದೇಶಕ್ಕೆ ಹಾರುತ್ತದೆ. ಜಪಾನಿನಲ್ಲಿ ಸುಮೊ ಜಟ್ಟಿ, ರಷ್ಯದಲ್ಲಿ ಕರಡಿಗಳೊಡನೆ ಸೆಣಸಿದ ಮಲ್ಲ, ಚೀನದಲ್ಲಿ ಚುನ್-ಲಿ ಎಂಬ ಹೆಣ್ಣು. ಲಕ್ಷ್ಮೀಶನ ಪ್ರಮೀಳೆಯಂತೆ ಈಕೆಯೂ ಗಂಡಸರ ಗುಂಪಿನಲ್ಲಿ ತನ್ನ ಸ್ಥಾನವನ್ನು ತಾನೇ ಸಂಪಾದಿಸಿದವಳು.

ಆ ಎಂಟು ಮಂದಿಯಲ್ಲಿ ಭಾರತದವನೂ ಒಬ್ಬನಿದ್ದಾನೆ. ಅವನ ಹೆಸರು ಧಾಲ್ಸಿಮ್. ಆನೆಗಳು ಸಾಲಾಗಿ ನಿಂತ ಅರಮನೆಯ ಅಂಗಳದಲ್ಲಿ ಅವನ ಕಾಳಗ. ಯೋಗಬಲದಿಂದ ಕೈಕಾಲುಗಳನ್ನು ಮಾರುದ್ದ ಚಾಚಬಲ್ಲ, ಬಾಯಿಂದ ಬೆಂಕಿಯುಗುಳಬಲ್ಲ. ಕೊರಳಿನಲ್ಲಿ ತಲೆಬುರುಡೆಗಳ ಹಾರ. ಕಥೆಯ ಪ್ರಕಾರ ಅವನು ಶಾಂತಿಪ್ರಿಯ. ಬಡ ಹಳ್ಳಿಗೆ ಹಣ ಸಂಪಾದಿಸಲೆಂದು ಮನಸ್ಸಿಲ್ಲದ ಮನಸ್ಸಿನಿಂದ ಹೊಡೆದಾಟಕ್ಕೆ ಇಳಿದವನು. ಆ ಬುರುಡೆಗಳೂ ಸಾಂಕ್ರಾಮಿಕ ರೋಗದಲ್ಲಿ ಸತ್ತ ಹಳ್ಳಿಯ ಮಕ್ಕಳವಂತೆ. ಅವನ ಹೆಸರು ನಮ್ಮ ಯಾವ ಭಾಷೆಯದೂ ಅಲ್ಲ, ಅವನ ಯೋಗ ಪತಂಜಲಿಯದೂ ಅಲ್ಲ. ಹೊರಗಿನವರು ನಮ್ಮನ್ನು ಎಷ್ಟು ದೂರದಿಂದ ನೋಡಿದ್ದಾರೆಂಬುದಕ್ಕೆ ಅವನೊಂದು ಅಳತೆಗೋಲು. ಆದರೂ ೨೦೨೩ರಲ್ಲಿ ಬಂದ ಆರನೆಯ ಆಟದಲ್ಲಿಯೂ ಅವನಿದ್ದಾನೆ. ಮೂವತ್ತೆರಡು ವರ್ಷ ಒಂದು ಮನೆತನದಲ್ಲಿ ಬಾಳಿದವನನ್ನು ಇನ್ನು ಅತಿಥಿಯೆನ್ನುವಂತಿಲ್ಲ.

ದೀರ್ಘಕಾಲ ಬೆಳೆಯುವ ಕಥೆಗಳಲ್ಲಿ ಆಕಸ್ಮಿಕಗಳಿಗೂ ಪಾಲುಂಟು. ನಮ್ಮ ಓಲೆಗರಿಗಳಲ್ಲಿ ಲಿಪಿಕಾರನ ಕೈತಪ್ಪು ಪಾಠಾಂತರವಾಗಿ, ಪಾಠಾಂತರವೇ ಒಮ್ಮೊಮ್ಮೆ ಹೊಸ ಅರ್ಥವಾಗಿ ಬೆಳೆಯುವುದಿಲ್ಲವೆ? ಇಲ್ಲಿಯೂ ಹಾಗೆಯೇ. ಒಂದು ಏಟು ಮುಗಿಯುವಷ್ಟರಲ್ಲಿಯೇ ಮತ್ತೊಂದನ್ನು ಪೋಣಿಸಿ, ಎದುರಾಳಿಗೆ ಉಸಿರಾಡಲು ಬಿಡದಂತೆ ಏಟುಗಳ ಸರಮಾಲೆ ಕಟ್ಟುವ ಕ್ರಮ ಇಂದು ಎಲ್ಲ ಕಾದಾಟದ ಆಟಗಳ ಪ್ರಾಣ. ಆದರೆ ಅದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ. ಕಾರನ್ನು ಪುಡಿಗುಟ್ಟುವ ಒಂದು ಉಪಾಂಗದ ಆಟವನ್ನು ಪರಿಶೀಲಿಸುತ್ತಿದ್ದ ನೊರಿತಕ ಫುನಮಿಜು ಅವರಿಗೆ ಏಟುಗಳ ನಡುವೆ ಇನ್ನೊಂದು ಏಟು ಸೇರಬಲ್ಲುದೆಂಬುದು ಕಣ್ಣಿಗೆ ಬಿದ್ದಿತು. ಇಷ್ಟು ಕ್ಲಿಷ್ಟವಾದುದನ್ನು ಯಾರು ಸಾಧಿಸಿಯಾರು ಎಂದುಕೊಂಡು ಹಾಗೆಯೇ ಬಿಟ್ಟರು. ಆಟಗಾರರು ಸಾಧಿಸಿದರು.

ಇನ್ನೊಂದು ಆಕಸ್ಮಿಕ ಅನುವಾದದ್ದು. ರಿಯುವಿನ ಪ್ರಸಿದ್ಧವಾದ ಏರುಗುದ್ದಿಗೆ ಜಪಾನೀ ಭಾಷೆಯಲ್ಲಿ 'ಏರುವ ಡ್ರ್ಯಾಗನ್ನಿನ ಮುಷ್ಟಿ' ಎಂಬ ಅರ್ಥದ ಹೆಸರಿದೆ. ಅದನ್ನು ಬರೆಯುವ ಚಿತ್ರಲಿಪಿಯನ್ನು ಚೀನೀ ರೀತಿಯಲ್ಲಿ ಓದಿದರೆ 'ಶೆಂಗ್ ಲಾಂಗ್' ಎಂದಾಗುತ್ತದೆ. ಇಂಗ್ಲಿಷಿಗೆ ತರುವಾಗ ಅದು ಒಬ್ಬ ವ್ಯಕ್ತಿಯ ಹೆಸರಿನಂತೆ ಕಂಡಿತು. ಹೀಗಾಗಿ, ನನ್ನನ್ನು ಗೆಲ್ಲಬೇಕಾದರೆ ಶೆಂಗ್ ಲಾಂಗನನ್ನು ಸೋಲಿಸು ಎಂಬಂಥ ಮಾತು ರಿಯುವಿನ ಬಾಯಿಗೆ ಬಂದಿತು. ಆಟಗಾರರು ಇಲ್ಲದ ಶೆಂಗ್ ಲಾಂಗನನ್ನು ಹುಡುಕತೊಡಗಿದರು. ೧೯೯೨ರ ಏಪ್ರಿಲಿನಲ್ಲಿ ಅಮೆರಿಕದ ಒಂದು ಪತ್ರಿಕೆ, ಅವನು ರಿಯುವಿನ ಗುರುವೆಂದೂ ಇಂತಿಂಥ ಉಪಾಯದಿಂದ ಅವನ ದರ್ಶನವಾಗುವುದೆಂದೂ ತಮಾಷೆಗಾಗಿ ಬರೆಯಿತು. ೧೯೯೪ರ ಆವೃತ್ತಿಯಲ್ಲಿ ನಿಜವಾಗಿಯೂ ಗುಪ್ತನಾದ ಒಬ್ಬ ಪ್ರಚಂಡ ವೀರ ಕಾಣಿಸಿಕೊಂಡನು. ೨೦೦೮ರ ನಾಲ್ಕನೆಯ ಆಟದಲ್ಲಿ ರಿಯುವಿನ ಗುರುವೂ ಕಣಕ್ಕೆ ಇಳಿದನು. ಒಂದು ತಪ್ಪು ಓದು, ಅದರ ಮೇಲೊಂದು ಹುಸಿಸುದ್ದಿ, ಅದರಿಂದ ಒಂದು ಪರಂಪರೆ.

ಇನ್ನು ಕವಲುಗಳ ವಿಷಯ. ೧೯೯೫ರಲ್ಲಿ ಬಂದ 'ಸ್ಟ್ರೀಟ್ ಫೈಟರ್ ಆಲ್ಫಾ' ರನ್ನನ ದಾರಿಯದು. ಎರಡನೆಯ ಆಟದಲ್ಲಿ ಸಗಾಟ್ ಎಂಬ ಥಾಯ್ ಮಲ್ಲನ ಎದೆಯ ಮೇಲೆ ಒಂದು ದೊಡ್ಡ ಗಾಯದ ಗೆರೆ ಇದೆ. ಅದು ರಿಯು ಮಾಡಿದ ಗಾಯ. ಮೊದಲನೆಯ ಆಟಕ್ಕೂ ಎರಡನೆಯದಕ್ಕೂ ನಡುವಣ ಕಾಲಕ್ಕೆ ಹಿಂದಿರುಗಿ, ಆ ಗಾಯದ ಸುತ್ತಲಿನ ಹಗೆಯನ್ನು ಬೆಳೆಸಿ ಹೇಳುವುದು ಆಲ್ಫಾದ ಕೆಲಸ. ಭಂಗಪಟ್ಟವನ ಮನಸ್ಸನ್ನು ಕಾಳಗದ ನಡುವಿಟ್ಟು ನೋಡುವ ಈ ಬಗೆ ರನ್ನನನ್ನು ಓದಿದವರಿಗೆ ಹೊಸದೆನ್ನಿಸದು. ಅಷ್ಟೇ ಅಲ್ಲ, ಹಿಂದೆ ಬೇರೆಯಾಗಿ ಹೋಗಿದ್ದ 'ಫೈನಲ್ ಫೈಟ್' ಆಟದ ಪಾತ್ರಗಳು ಇಲ್ಲಿ ಬಂದು ಸೇರಿದುವು. ಕವಲು ಮರಳಿ ಕಾಂಡಕ್ಕೆ ಕೂಡಿಕೊಂಡಿತು. ಅಲ್ಲಿ ನಗರವನ್ನು ಕಾಪಾಡಿದ ನಾಯಕ ಕೋಡಿ, ೧೯೯೮ರ ಮೂರನೆಯ ಆಲ್ಫಾದಲ್ಲಿ ಕೈಕೋಳ ತೊಟ್ಟ ಸೆರೆಯಾಳಾಗಿ ಕಾಣಿಸುತ್ತಾನೆ. ಹೊಡೆದಾಟದ ಚಟ ಬಿಡದೆ ಕೆಟ್ಟವನು. ಕಾಳಗವನ್ನೇ ಕೊಂಡಾಡುವ ಮನೆತನವೊಂದು ತನ್ನ ವೀರನನ್ನು ಹೀಗೆ ಪ್ರಶ್ನಿಸಿದುದು ಮೆಚ್ಚತಕ್ಕ ಮಾತು.

'ಕೃಷ್ಣಾರ್ಜುನ ಕಾಳಗ'ದ ಬಗೆಯ ಕವಲುಗಳು ೧೯೯೬ರಿಂದ ತೊಡಗಿದುವು. ಆ ವರ್ಷ 'ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್' ಎಂಬ ಆಟದಲ್ಲಿ ಅಮೆರಿಕದ ಚಿತ್ರಕಥೆಗಳ ವೀರರೂ ಜಪಾನಿನ ಆಟದ ವೀರರೂ ಒಂದೇ ಕಣದಲ್ಲಿ ನಿಂತರು. ೨೦೦೦ದಲ್ಲಿ ಕ್ಯಾಪ್‌ಕಾಮ್ ತನ್ನ ಹಳೆಯ ಎದುರಾಳಿಯಾದ ಎಸ್‌ಎನ್‌ಕೆಯ ವೀರರೊಡನೆ ತನ್ನವರನ್ನು ಕಾದಾಡಿಸಿತು. ಬೇರೆ ಮನೆತನಗಳೂ ಇದೇ ದಾರಿ ಹಿಡಿದುವು. ೧೯೯೯ರಲ್ಲಿ ನಿಂಟೆಂಡೊ ಸಂಸ್ಥೆಯ 'ಸೂಪರ್ ಸ್ಮ್ಯಾಶ್ ಬ್ರದರ್ಸ್' ಬಂದಿತು. ಅದರ ಮೊದಲ ಕರಡನ್ನು ಮಸಾಹಿರೊ ಸಕುರಾಯ್ ಹಾಗೂ ಸತೊರು ಇವಾತ ಹೆಸರಿಲ್ಲದ ಬೊಂಬೆಗಳಿಂದ ಮಾಡಿದ್ದರು. ಅನಂತರ ಅನುಮತಿಯನ್ನು ಕೇಳದೆಯೇ ಮಾರಿಯೋ ಮೊದಲಾದವರನ್ನು ತಂದು ನಿಲ್ಲಿಸಿ ನೋಡಿದರು; ಆಟಕ್ಕೆ ಜೀವ ಬಂದಿತು, ಅನುಮತಿಯೂ ಆಮೇಲೆ ಬಂದಿತು. ೨೦೦೮ರ 'ಡಿಸಿಡಿಯಾ' 'ಫೈನಲ್ ಫ್ಯಾಂಟಸಿ' ಎಂಬ ಕಥಾಮಾಲಿಕೆಯ ಮೊದಲ ಹತ್ತು ಆಟಗಳ ನಾಯಕರನ್ನೂ ಖಳರನ್ನೂ ಒಂದೆಡೆ ಕಲೆಹಾಕಿತು. ಎಲ್ಲ ಕವಲುಗಳೂ ಫಲ ಕೊಡಲಿಲ್ಲ. 'ಮಾರ್ಟಲ್ ಕಾಂಬ್ಯಾಟ್' ಎಂಬ ರಕ್ತಮಯವಾದ ಮನೆತನ ೨೦೦೦ದಲ್ಲಿ ದ್ವಂದ್ವವನ್ನು ಬಿಟ್ಟು 'ಸ್ಪೆಷಲ್ ಫೋರ್ಸಸ್' ಎಂಬ ಸಾಹಸದ ಆಟವನ್ನು ಮಾಡಿ ಕೈಸುಟ್ಟುಕೊಂಡಿತು. ೧೯೯೪ರಲ್ಲಿ 'ಸ್ಟ್ರೀಟ್ ಫೈಟರ್' ಹಾಲಿವುಡ್ ಚಲನಚಿತ್ರವಾಯಿತು. ಮರುವರ್ಷ ಆ ಚಲನಚಿತ್ರವನ್ನೇ ಅನುಸರಿಸಿ ಮತ್ತೊಂದು ಆಟ ಬಂದಿತು. ನೆರಳಿನ ನೆರಳು ಎಷ್ಟು ತೆಳುವಾಗುತ್ತದೆಂಬುದನ್ನು ತೋರಿಸಿದ್ದೇ ಅದರ ಸಾಧನೆ.

ಕವಲುಗಳು ಹುಟ್ಟುವುದಕ್ಕೆ ವ್ಯಾಪಾರ ಒಂದು ಕಾರಣ, ನಿಜ. ಬರೆದ ಚಿತ್ರಗಳು ಸಿದ್ಧವಾಗಿರುತ್ತವೆ, ಹೆಸರು ಜನಕ್ಕೆ ತಿಳಿದಿರುತ್ತದೆ, ಹೊಸಬನನ್ನು ಪರಿಚಯಿಸುವ ಕಷ್ಟವಿರದು. ಇದಕ್ಕಿಂತ ಆಳವಾದ ಇನ್ನೊಂದು ಕಾರಣವಿದೆ. ಮೂಲಕಥೆಯಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ನಿಶ್ಚಿತವಾಗಿರುತ್ತದೆ. ಕರ್ಣನ ರಥಚಕ್ರ ಹೂಳಲೇಬೇಕು, ದುರ್ಯೋಧನನ ತೊಡೆ ಮುರಿಯಲೇಬೇಕು. ಕಾದಾಟದ ಆಟದಲ್ಲಿ ಹಾಗಿಲ್ಲ. ಅಲ್ಲಿ ಯಾರು ಬೇಕಾದರೂ ಗೆಲ್ಲುವಂತಿರಬೇಕು. ಇಲ್ಲದಿದ್ದರೆ ಸೋಲುವವನನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಆದುದರಿಂದ ನಿರ್ಮಾಪಕರು ವೀರರನ್ನೆಲ್ಲ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಬಲಶಾಲಿಗೆ ವೇಗ ಕಡಿಮೆ, ಚುರುಕಾದವನಿಗೆ ಆಯುಸ್ಸು ಕಡಿಮೆ. ಕಥೆ ಕೊಟ್ಟ ಹಣೆಬರಹವನ್ನು ಆಟ ಅಳಿಸಿಹಾಕುತ್ತದೆ. ನಮ್ಮ ಪ್ರಸಂಗಕರ್ತರಿಗೂ ಈ ತೊಡಕು ಎದುರಾಯಿತು. ಕೃಷ್ಣ ಸೋಲಬಾರದು, ಅರ್ಜುನನ ಮಾತು ಕೆಡಬಾರದು. ದೇವತೆಗಳನ್ನು ನಡುವೆ ತಂದು ಇಬ್ಬರ ಮಾನವನ್ನೂ ಉಳಿಸಿದರು. ಬಭ್ರುವಾಹನನ ಕಥೆಯಲ್ಲಿ ಮಗನ ಕೈಯಿಂದ ತಂದೆಯನ್ನು ಕೊಲ್ಲಿಸಿ, ಮತ್ತೆ ಬದುಕಿಸಿದರು. ೧೯೭೭ರಲ್ಲಿ ತೆರೆಕಂಡ 'ಬಭ್ರುವಾಹನ' ಚಿತ್ರದಲ್ಲಿ ರಾಜಕುಮಾರ್ ಅವರೇ ತಂದೆಯಾಗಿಯೂ ಮಗನಾಗಿಯೂ ನಟಿಸಿದುದರಿಂದ ಯಾರು ಗೆದ್ದರೂ ನೋಡುವವರಿಗೆ ಸೋಲಿರಲಿಲ್ಲ!

ಈಗ ಒಡೆತನದ ಪ್ರಶ್ನೆಗೆ ಬರೋಣ. ಒಂದು ಕಾಳಗವನ್ನು ಯಾರಾದರೂ ತಮ್ಮದೆಂದು ಹೇಳಬಹುದೆ? ಈ ವಿಷಯದಲ್ಲಿ ಅಮೆರಿಕದ ನ್ಯಾಯಾಲಯಗಳ ಎರಡು ತೀರ್ಪುಗಳು ಬಹು ಸ್ವಾರಸ್ಯವಾಗಿವೆ. 'ಕರಾಟೆ ಚಾಂಪ್' ಆಟದ ಒಡೆತನವಿದ್ದ ಡೇಟಾ ಈಸ್ಟ್, ಎಪಿಕ್ಸ್ ಎಂಬ ಇನ್ನೊಂದು ಸಂಸ್ಥೆ ತನ್ನ ಆಟವನ್ನು ನಕಲು ಮಾಡಿದೆಯೆಂದು ದಾವೆ ಹೂಡಿತು. ಕೆಳಗಿನ ನ್ಯಾಯಾಲಯದಲ್ಲಿ ಗೆದ್ದಿತಾದರೂ ೧೯೮೮ರಲ್ಲಿ ಮೇಲ್ಮನವಿಯ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಕರಾಟೆ ಎಂದ ಮೇಲೆ ಒದೆತವೂ ಗುದ್ದೂ ಇರಲೇಬೇಕು, ಅವು ಯಾರೊಬ್ಬರ ಸ್ವತ್ತೂ ಅಲ್ಲ ಎಂಬುದು ಅದರ ಸಾರ. ಕೆಲವು ವರ್ಷಗಳ ಬಳಿಕ ಚಕ್ರ ತಿರುಗಿತು. ೧೯೯೩ರಲ್ಲಿ ಡೇಟಾ ಈಸ್ಟ್ ತಂದ 'ಫೈಟರ್ಸ್ ಹಿಸ್ಟರಿ' ತನ್ನ ಎರಡನೆಯ ಆಟದ ನಕಲೆಂದು ಕ್ಯಾಪ್‌ಕಾಮ್ ದಾವೆ ಹೂಡಿತು. ಈಗ ಡೇಟಾ ಈಸ್ಟ್ ತಾನು ಹಿಂದೆ ಸೋತ ವಾದವನ್ನೇ ಗುರಾಣಿಯಾಗಿ ಹಿಡಿಯಿತು. ೧೯೯೪ರಲ್ಲಿ ನ್ಯಾಯಾಲಯ ಕ್ಯಾಪ್‌ಕಾಮ್ ಬೇಡಿದ ತಡೆಯಾಜ್ಞೆಯನ್ನು ನಿರಾಕರಿಸಿತು. ಗುದ್ದು ಎಲ್ಲರದು; ಗುದ್ದುವವನ ಮುಖ ಮಾತ್ರ ಒಡೆಯನದು ಎಂದು ಈ ಎರಡು ತೀರ್ಪುಗಳನ್ನು ಸಂಗ್ರಹಿಸಿ ಹೇಳಬಹುದು.

ಆ ಮುಖದ ಒಡೆತನ ಎಷ್ಟು ಬಿಗಿಯಾದುದೆಂಬುದಕ್ಕೂ ಒಂದು ನಿದರ್ಶನವಿದೆ. ಅಮೆರಿಕದ ಚಿತ್ರಕಥೆಗಳ ವೀರರನ್ನು ಬಳಸಲು ಪಡೆದಿದ್ದ ಹಕ್ಕಿನ ಅವಧಿ ತೀರಿದಾಗ, 'ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ ೨' ೨೦೧೩ರ ಕೊನೆಯ ವೇಳೆಗೆ ಮನೆಯ ಯಂತ್ರಗಳ ಮಾರಾಟದಿಂದ ಮರೆಯಾಯಿತು. ಹತ್ತು ವರ್ಷಗಳಿಗೂ ಮೀರಿ ಕಾದ ಮೇಲೆ ೨೦೨೪ರಲ್ಲಿ ಅದು ಮತ್ತೆ ಬೆಳಕು ಕಂಡಿತು. ಕರಾರು ಮುಗಿಯಿತೆಂದು 'ಕೃಷ್ಣಾರ್ಜುನ ಕಾಳಗ'ವನ್ನು ಹತ್ತು ವರ್ಷ ಯಾವ ಮೇಳವೂ ಆಡಕೂಡದೆಂದಿದ್ದರೆ ಹೇಗಿರುತ್ತಿತ್ತೆಂದು ಊಹಿಸಿ ನೋಡಿ.

ನಮ್ಮ ಊರಿನಲ್ಲಿ ಈ ಆಟಗಳ ಚರಿತ್ರೆ ಪೊಲೀಸರ ಪರವಾನಗಿಯಿಂದ ಮೊದಲಾಗುತ್ತದೆಂದರೆ ತಪ್ಪಿಲ್ಲ. ವೀಡಿಯೋ ಆಟದ ಅಂಗಡಿಗಳು ಬೆಂಗಳೂರಿನಲ್ಲಿ ತಲೆಯೆತ್ತಿದಾಗ, ೧೯೮೯ರ ಆಜ್ಞೆಯೊಂದು ನಗರದ ಸಾರ್ವಜನಿಕ ವಿನೋದದ ಸ್ಥಳಗಳನ್ನು ಪರವಾನಗಿಯ ಕಟ್ಟಿಗೆ ಒಳಪಡಿಸಿತು. ಅಂಗಡಿಯವರು ಅದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು. ೧೯೯೫ರ ಏಪ್ರಿಲಿನಲ್ಲಿ ಶಿವಾನಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಪರವಾನಗಿಯ ನಿಯಮವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಯಾವ ಆಟ ಕುಶಲತೆಯದು, ಯಾವುದು ಅದೃಷ್ಟದ್ದು ಎಂಬುದೇ ಆ ಚರ್ಚೆಯ ತಿರುಳು. ಧರ್ಮರಾಯನ ಪಗಡೆಯ ಕಾಲದಿಂದ ಬಂದ ಪ್ರಶ್ನೆ ಇದು. ಕಾಲ ಬದಲಾಯಿತು. ೨೦೨೨ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇಂಥ ಸ್ಪರ್ಧೆಗಳನ್ನು ಕ್ರೀಡಾಕೂಟಗಳ ಅಂಗವಾಗಿ ಮನ್ನಿಸಿತು. ೨೦೨೩ರಲ್ಲಿ ಚೀನದ ಹಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ 'ಸ್ಟ್ರೀಟ್ ಫೈಟರ್ ೫' ಪದಕದ ಸ್ಪರ್ಧೆಯಾಯಿತು. ಭಾರತದ ಆಟಗಾರರೂ ಕಣದಲ್ಲಿದ್ದರು. ಚಿನ್ನವನ್ನು ಗೆದ್ದ ದಕ್ಷಿಣ ಕೊರಿಯದ ಕಿಮ್ ಗ್ವಾನ್-ವೂ ಅವರಿಗೆ ಆಗ ನಲವತ್ತನಾಲ್ಕು ವರ್ಷ. ಒಂದು ಕಾಲಕ್ಕೆ ಹುಡುಗರನ್ನು ಕೆಡಿಸುವುದೆಂದು ಬೈಸಿಕೊಂಡ ಆಟ, ನಡುವಯಸ್ಸಿನವರ ಕೊರಳಿಗೆ ಪದಕ ತೊಡಿಸಿತು.

ನಗರದ ಉತ್ತರ ಅಂಚಿನ ಬಾಗಲೂರಿನತ್ತ ಒಮ್ಮೆ ಕಣ್ಣು ಹಾಯಿಸೋಣ. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಬಾಗಲೂರು, ಯಲಹಂಕಗಳ ಸುತ್ತಣ ನೆಲದ ಬೆಲೆಯೂ ಬದುಕೂ ಬದಲಾದುವು. ಆದರೂ ಈ ಸೀಮೆಯ ಹಳ್ಳಿಗಳಲ್ಲಿ ಜಾತ್ರೆ ಹಬ್ಬಗಳ ಕಾಲಕ್ಕೆ ರಾತ್ರಿಯಿಡೀ 'ಕುರುಕ್ಷೇತ್ರ' ನಾಟಕವಾಡುವ ಪದ್ಧತಿ ಇನ್ನೂ ಅಳಿದಿಲ್ಲ. ಹಾರ್ಮೋನಿಯಂ ಮೇಷ್ಟರು ಬರುತ್ತಾರೆ. ಸೀನರಿ, ಕಿರೀಟ, ಗದೆಗಳು ಬಾಡಿಗೆಗೆ ಬರುತ್ತವೆ. ಪಾತ್ರ ಬೇಕಾದವರು ಹಣ ಕೊಟ್ಟು ಪಾತ್ರ ಹಿಡಿಯಬೇಕು. ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು ಹಣ. ಸಣ್ಣ ಪಾತ್ರಗಳಿಗೆ ಕಡಿಮೆ. ಒಬ್ಬನೇ ಕೃಷ್ಣನಿಗೆ ಇಬ್ಬರು ಆಸೆಪಟ್ಟರೆ ಮೊದಲ ಅರ್ಧಕ್ಕೊಬ್ಬ ಕೃಷ್ಣ, ಉಳಿದರ್ಧಕ್ಕೆ ಇನ್ನೊಬ್ಬ. ಹಗಲೆಲ್ಲ ಹೊಲದಲ್ಲಿಯೋ ಗಾರೆ ಕೆಲಸದಲ್ಲಿಯೋ ಇದ್ದವನು ರಾತ್ರಿ ಕೌರವೇಶ್ವರನಾಗಿ ಗದೆಯೆತ್ತಿ ಅಬ್ಬರಿಸುತ್ತಾನೆ.

ಇದಕ್ಕೂ, ಯಂತ್ರಕ್ಕೊಂದು ನಾಣ್ಯ ಹಾಕಿ ತನಗೆ ಬೇಕಾದ ವೀರನನ್ನು ಆರಿಸಿಕೊಳ್ಳುವುದಕ್ಕೂ ಬಹಳ ದೂರವಿಲ್ಲ. ೧೯೯೧ರ 'ಸ್ಟ್ರೀಟ್ ಫೈಟರ್ ೨'ರಲ್ಲಿ ಇಬ್ಬರು ಆಟಗಾರರು ಒಬ್ಬನೇ ವೀರನನ್ನು ಆರಿಸಿಕೊಳ್ಳುವಂತಿರಲಿಲ್ಲ. ಜನರ ಆಸೆಯನ್ನರಿತು ೧೯೯೨ರ ಆವೃತ್ತಿಯಲ್ಲಿ ಅದಕ್ಕೆ ಅವಕಾಶ ಮಾಡಿದರು. ಬಣ್ಣ ಬೇರೆಯಾದ ಇಬ್ಬರು ರಿಯುಗಳು ಎದುರುಬದುರು ನಿಂತರು. ನಮ್ಮ ಹಳ್ಳಿಯ ಇಬ್ಬರು ಕೃಷ್ಣರ ಸಮಸ್ಯೆಯನ್ನು ಜಪಾನಿನವರು ತಮ್ಮದೇ ರೀತಿಯಲ್ಲಿ ಬಿಡಿಸಿದರೆಂದಾಯಿತು. ಹಣ ಕೊಟ್ಟು ಪರಾಕ್ರಮವನ್ನು ಕೊಳ್ಳುವುದೆಂದರೆ ಹಗುರವಾಗಿ ನಗುವ ವಿಷಯವಲ್ಲ. ತನ್ನದಲ್ಲದ ಹಿರಿಮೆಯನ್ನು ಒಂದು ರಾತ್ರಿಯ ಮಟ್ಟಿಗೆ, ಒಂದು ಸುತ್ತಿನ ಮಟ್ಟಿಗೆ ತೊಟ್ಟು ನೋಡುವ ಹಂಬಲ ಮನುಷ್ಯನಿಗೆ ಸಹಜವಾದುದು.

ಆದರೆ ಒಂದು ವ್ಯತ್ಯಾಸವಿದೆ. ಹಳ್ಳಿಯ ಮೇಷ್ಟರು 'ಕುರುಕ್ಷೇತ್ರ'ಕ್ಕೆ ಒಂದು ಹೊಸ ಹಾಡನ್ನು ಸೇರಿಸಿದರೆ, ಮೂಡಲಪಾಯದ ಭಾಗವತ 'ಕರಿಭಂಟನ ಕಾಳಗ'ದಲ್ಲಿ ಹೊಸ ಮಾತನ್ನು ಬೆಳೆಸಿದರೆ ಕೇಳುವವರಿಲ್ಲ. ಭಾರತಕಥೆಯ ಕವಲೊಡೆಯುವ ಹಕ್ಕು ಊರಿನದು. ಆಟದ ಮನೆತನಗಳಲ್ಲಿ ಆ ಹಕ್ಕು ಸಂಸ್ಥೆಯದು. ಬೆಂಗಳೂರಿನ ಚಿತ್ರಕಾರರು ಇದನ್ನು ಚೆನ್ನಾಗಿ ಬಲ್ಲರು. ೧೯೯೭ರಲ್ಲಿ ರಾಜೇಶ್ ರಾವ್ ಅವರು ಇಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್, ಭಾರತದ ಮೊದಮೊದಲ ಆಟ ನಿರ್ಮಾಣ ಸಂಸ್ಥೆಗಳಲ್ಲೊಂದು. ಹೊರದೇಶಗಳ ದೊಡ್ಡ ಆಟಗಳಿಗೆ ಬೇಕಾದ ಚಿತ್ರಗಳನ್ನೂ ಆಕೃತಿಗಳನ್ನೂ ಮಾಡಿಕೊಡುವುದರಲ್ಲಿ ಅದು ಹೆಸರು ಗಳಿಸಿತು. ೨೦೧೭ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆಯ ಕೈಸೇರಿ, ೨೦೧೯ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆಯೊಳಗೆ ಬೆರೆತುಹೋಯಿತು. ೨೦೧೨ರಲ್ಲಿ ಕರ್ನಾಟಕ ಸರ್ಕಾರ, ದೇಶದಲ್ಲಿಯೇ ಮೊದಲೆಂಬಂತೆ, ಚಲಿಸುವ ಚಿತ್ರ ಹಾಗೂ ಆಟಗಳ ಉದ್ಯಮಕ್ಕೆ ಒಂದು ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಕೆಲಸಗಳು ಬಂದುವು, ಕೈ ಪಳಗಿತು. ಶಿಲ್ಪಿಗಳು ನಮ್ಮವರು, ಮೂರ್ತಿಯ ಹೆಸರು, ಕಥೆ, ಲಾಭಗಳು ಬೇರೆಯವರವು.

ಇದನ್ನು ದೂರಾಗಿ ಹೇಳುತ್ತಿಲ್ಲ. ಪರರ ದೇಗುಲದಲ್ಲಿ ಕೆಲಸ ಮಾಡಿಯೇ ಶಿಲ್ಪಿ ಪಳಗುವುದು. ಆದರೆ ಪಳಗಿದ ಕೈ ತನ್ನ ಮನೆಯ ಕಡೆ ತಿರುಗುವ ದಿನವೂ ಬರಬೇಕಷ್ಟೆ. ಒಡೆಯನಿಲ್ಲದ ವೀರರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕುದಿಯುವ ಎಣ್ಣೆಯ ಕೊಪ್ಪರಿಗೆಯಿಂದ ಎದ್ದುಬಂದ ಸುಧನ್ವ, ತಂದೆಯನ್ನೇ ಎದುರಿಸಿದ ಬಭ್ರುವಾಹನ, ವೈಶಂಪಾಯನ ಸರೋವರದ ನೀರೊಳಗಿದ್ದೂ ಬೆವರಿದ ದುರ್ಯೋಧನ. ಧಾಲ್ಸಿಮನ ಊರು ಯಾವುದೆಂದು ನಮಗೆ ಗೊತ್ತಿಲ್ಲ. ಇವರ ಊರುಗಳು ಕಥೆ ಕೇಳಿದ ಮಕ್ಕಳಿಗೆಲ್ಲ ಗೊತ್ತು. ಇವರನ್ನು ಬಳಸಲು ಯಾರ ಅನುಮತಿಯೂ ಬೇಡ, ಯಾವ ಕರಾರಿನ ಅವಧಿಯೂ ತೀರದು. ಬೇಕಾದುದು ಒಂದೇ: ಅವರನ್ನು ಬರಿಯ ಕಿರೀಟ, ಭುಜಕೀರ್ತಿಗಳ ಬೊಂಬೆಗಳನ್ನಾಗಿ ಮಾಡದಿರುವ ಎಚ್ಚರ. ರನ್ನನಿಗೆ ಆ ಎಚ್ಚರವಿದ್ದಿತು. ಗದೆಯ ಏಟುಗಳನ್ನು ಎಣಿಸುವುದಕ್ಕಾಗಿ ಅವನು ಹತ್ತು ಆಶ್ವಾಸಗಳನ್ನು ಬರೆಯಲಿಲ್ಲ. ಏಟು ತಿನ್ನುವವನ ಮನಸ್ಸಿನಲ್ಲಿ ಏನು ನಡೆಯಿತೆಂಬುದನ್ನು ತಿಳಿಯಲು ಬರೆದನು. ಸೋಲುವವನೆಂದು ಮೊದಲೇ ಗೊತ್ತಿದ್ದ ದುರ್ಯೋಧನನನ್ನು ಇಂದಿಗೂ ಹಳ್ಳಿಯ ರೈತ ಹೆಚ್ಚು ಹಣ ಕೊಟ್ಟು ಆರಿಸಿಕೊಳ್ಳುತ್ತಾನೆಂದರೆ, ಆ ಕವಲು ಸಾವಿರ ವರ್ಷವಾದರೂ ಹಸಿಯಾಗಿಯೇ ಇದೆಯೆಂದು ಅರ್ಥ.